ಕೋಟಿನೊಳಗಿನ ಬೇಸಿಗೆ

ಸದಾನಂದರು ಊಟಕ್ಕೆ ಕುಳಿತಾಗಲೂ ಕೋಟು ಬಿಚ್ಚುವವರಲ್ಲ. ಡಿಸೆಂಬರಿನಲ್ಲಿ ಹೆಗಲೇರಿದ ಆ ಕಂದು ಉಣ್ಣೆಯ ಕೋಟು ಇಳಿಯುವುದು ಮಾರ್ಚಿಗೇ. ಅದರೊಳಗೆ ಬೆಚ್ಚಗೆ ಕುಳಿತು, ಪರಮ ಸಂತೃಪ್ತಿಯಿಂದ, "ಕುವೈತಲ್ಲಿ ಎಂಥದ್ದು ಚಳಿ ಮಾರಾಯ್ರೆ!" ಎಂದು ಅವರು ತೀರ್ಪು ಕೊಡುವಾಗ ಪಕ್ಕದ ಫ್ಲ್ಯಾಟಿನವನಾದ ನನಗೆ ಮೈ ಉರಿಯುತ್ತಿತ್ತು.

ನಾವಿರುವ ಕುವೈತಿನ ಫಹಾಹೀಲ್ ಪೇಟೆಯ ಅಂಗಡಿ ಸಾಲಿನಲ್ಲಿ ಎರಡೂ ಕೈ ಜೇಬಿಗಿಳಿಸಿ, ಎದೆ ಮುಂದೆ ಮಾಡಿ ನಡೆಯುವ ಈ ಮಹಾಶಯರು ಉರಿಯುವ ಹೀಟರ್ ಕಂಡಲ್ಲೆಲ್ಲ ನಿಂತು, ಅಂಗೈ ಕಾಯಿಸಿಕೊಂಡು, ಒಳಗೆ ಎಣ್ಣೆ ತುಂಬಿದ್ದು ಕರೆಂಟು ತಿನ್ನುತ್ತದೆ, ಸರಳಿನದು ಗಂಟಲು ಒಣಗಿಸುತ್ತದೆ, ಫ್ಯಾನಿನದು ಧೂಳೆಬ್ಬಿಸುತ್ತದೆ ಎಂದು ಒಂದೊಂದಕ್ಕೂ ಒಂದು ಕೊಂಕು ತೆಗೆದು, ಕಾದ ಕೈಗಳನ್ನು ಮರಳಿ ಜೇಬಿಗೆ ಸೇರಿಸಿ ಹೊರಟುಬಿಡುವರು.

ಹೋದ ಜನವರಿಯಲ್ಲಿ ಮಗಳು ಅನ್ವಿತಾ ಹಸುಗೂಸಿನೊಂದಿಗೆ ಬಾಣಂತನಕ್ಕೆ ಬಂದಳು. ಸಮುದ್ರದ ಗಾಳಿಗೆ ಮನೆಯ ನೆಲವೇ ಕೊರೆಯುತ್ತಿತ್ತು. "ಪಪ್ಪಾ, ಪ್ಲೀಸ್, ಬೇಬಿಗೆ ಕೋಲ್ಡ್ ಆಗ್ತದೆ, ಹೀಟರ್ ತನ್ನಿ" ಎಂದು ಅವಳು ಅಂಗಲಾಚಿದರೂ, ಹೆಂಡತಿ ಚಂಪಕ್ಕ ಜಗಳಾಡಿದರೂ ಅವರು ಜಗ್ಗಲಿಲ್ಲ. "ನಮ್ಮೂರಲ್ಲಿ ಬಾಣಂತಿಗೆ ಕೆಂಡವೇ ಇಡುದು" ಎಂದು ಬೋಗುಣಿಯಲ್ಲಿ ಇದ್ದಿಲು ಉರಿಸಿ ಕೋಣೆಯಲ್ಲಿಟ್ಟು, ಕೋಟು ಸರಿಪಡಿಸಿಕೊಂಡು ವಾಯುವಿಹಾರಕ್ಕೆ ಹೊರಟರು. ಊರಿನಲ್ಲಾದರೆ ಹೊಗೆಗೆ ಹೆಂಚಿನ ಸಂದುಗಳಿವೆ. ಇಲ್ಲಿ ಧೂಳು ಬಾರದಂತೆ ಕಿಟಕಿಗಳಿಗೆಲ್ಲ ಟೇಪು ಅಂಟಿಸಿದವರು ಸ್ವತಃ ಅವರೇ!

ಚಂಪಕ್ಕನ ಕೂಗು ಕೇಳಿ ನಾನು ಓಡಿದೆ. ಅನ್ವಿತಾ ತಲೆಸುತ್ತಿ ಬಿದ್ದಿದ್ದಳು. ಚಂಪಕ್ಕ ಮಗುವನ್ನೆತ್ತಿಕೊಂಡು ಬಾಗಿಲ ತನಕ ಬಂದು ಕುಸಿದಿದ್ದರು. ಇದ್ದಿಲಿನ ವಿಷಗಾಳಿ, ಇನ್ನೊಂದಿಷ್ಟು ತಡವಾಗಿದ್ದರೆ ಕೂಸು ಉಳಿಯುತ್ತಿರಲಿಲ್ಲ ಎಂದರು ಆಸ್ಪತ್ರೆಯವರು. ಸುದ್ದಿ ತಿಳಿದು ವಾಯುವಿಹಾರದಿಂದ ಬಂದ ಆ ಮನುಷ್ಯ ಅಲ್ಲಿಯೇ ನಿಂತು ಹೇಳಿದ್ದೇನು? "ಕಿಟಕಿ ಸ್ವಲ್ಪ ತೆಗಿಬೇಕಿತ್ತು. ಹೆಂಗಸರಿಗೆ ಅಷ್ಟೂ ಗೊತ್ತಾಗುದಿಲ್ಲ." ನನಗೆ ಅಸಹ್ಯವಾಯಿತು. ಕೊರಳಪಟ್ಟಿ ಹಿಡಿದು ಅಲುಗಾಡಿಸಬೇಕೆನಿಸಿತು.

ಮನೆಗೆ ಮರಳಿದ ಬೆಳಿಗ್ಗೆ ಚಂಪಕ್ಕ ಗಂಡನ ಹೆಗಲಿನಿಂದ ಕೋಟು ಕಳಚಿ, ಮೊಮ್ಮಗುವನ್ನು ಅದರಲ್ಲಿ ಸುತ್ತಿದರು.

"ಹೀಟರ್ ಬರುವ ತನಕ ಇದು ಮಗುವಿಗೆ. ಖಲಾಸ್!"

ಮಧ್ಯಾಹ್ನದೊಳಗೆ ಸದಾನಂದರು ಮೂಗೊರೆಸಿಕೊಳ್ಳುತ್ತ, ಗಡಗಡ ನಡುಗುತ್ತ, ಅಂಗಡಿಯಲ್ಲಿದ್ದ ಅತಿ ದೊಡ್ಡ ಎಣ್ಣೆ ಹೀಟರನ್ನು ಹೊತ್ತು ತಂದರು. ಕರೆಂಟಿನ ಮಾತೇ ಇಲ್ಲ.

ಇಂಥ ಯಜಮಾನರು ಎಲ್ಲ ದೇಶಗಳಲ್ಲೂ ಇದ್ದಾರೆ. ಬೇಡಿಕೆ, ಕಣ್ಣೀರು, ಕೊನೆಗೆ ಆಸ್ಪತ್ರೆ ಕೂಡ ಅವರಿಗೆ ನಾಟುವುದಿಲ್ಲ. ಮನೆಯವರ ಚಳಿ ಅವರಿಗೆ ಅರ್ಥವಾಗಬೇಕಾದರೆ ಮೊದಲು ಅವರ ಕೋಟು ಕಳಚಬೇಕು.