ಎಡಬಲವಿಲ್ಲದ ಬೆಳ್ಳಿಯಪ್ಪನವರು

ಬೆಳ್ಳಿಯಪ್ಪನವರ ಬಾಯಲ್ಲಿ ಎಡ, ಬಲ ಎಂಬ ಮಾತು ಬಂದದ್ದನ್ನು ಹನ್ನೊಂದು ವರ್ಷಗಳ ಸ್ನೇಹದಲ್ಲಿ ನಾನು ಒಂದೇ ಒಂದು ಸಲ ಕೇಳಿದ್ದೇನೆ, ಅದೂ ಕೇಳದಿದ್ದರೆ ಚೆನ್ನಾಗಿತ್ತು ಎನಿಸಿದ ಸಂದರ್ಭದಲ್ಲಿ. ಉಳಿದಂತೆ ಅವರಿಗೆ ಜಗತ್ತಿನ ಸಕಲ ವಸ್ತುಗಳೂ ಮೂಡ, ಪಡು, ತೆಂಕ, ಬಡಗ ಎಂಬ ನಾಲ್ಕು ದಿಕ್ಕುಗಳಲ್ಲೇ ಹಂಚಿಹೋಗಿವೆ. ಹೋಟೆಲಿನಲ್ಲಿ ಎದುರು ಕೂತರೆ "ಆ ಚಟ್ನಿ ಬಟ್ಲು ಸ್ವಲ್ಪ ತೆಂಕಕ್ಕೆ ಸರಿಸಿ ಮೇಷ್ಟ್ರೇ" ಎನ್ನುತ್ತಾರೆ. ಬಡಗಣ ಮೀಸೆ ಉದ್ದ ಉಳಿಯಿತೆಂದು ಮೂಡಿಗೆರೆಯ ಕ್ಷೌರದಂಗಡಿಯಲ್ಲಿ ಅವರು ತೆಗೆದ ತಕರಾರು ಊರಿಗೇ ಗೊತ್ತು. ಒಮ್ಮೆ ಮೊಣಕಾಲು ನೋವೆಂದು ವೈದ್ಯರ ಹತ್ತಿರ ಕರೆದೊಯ್ದಿದ್ದೆ. ಯಾವ ಕಾಲೆಂದು ಕೇಳಿದ್ದಕ್ಕೆ "ಪಡುಗಡೇದು" ಎಂದರು. ಪರೀಕ್ಷೆಗೆಂದು ಮಂಚದ ಮೇಲೆ ತಿರುಗಿಸಿ ಮಲಗಿಸಿದ ಮೇಲೆ ಅದೇ ಕಾಲು ಬಡಗಣದ್ದಾಯಿತು. ಆ ತರುಣ ವೈದ್ಯರು ವಾದಕ್ಕಿಳಿಯದೆ ಎರಡೂ ಕಾಲಿಗೆ ಮುಲಾಮು ಬರೆದುಕೊಟ್ಟರು.

ಇದು ಸೋಗಲ್ಲ. ನಲವತ್ತು ವರ್ಷ ಕಾಫಿ ಎಸ್ಟೇಟಿನಲ್ಲಿ ರೈಟರಾಗಿ ಆಳುಗಳ ಕೆಲಸ ನೋಡಿಕೊಂಡ ಮನುಷ್ಯ ಅವರು. ಅದರಲ್ಲೂ ಮರಗಸಿಯಲ್ಲಿ, ಎಂದರೆ ಕಾಫಿಗೆ ನೆರಳು ಕೊಡುವ ಮರಗಳ ಕೊಂಬೆ ಸವರುವ ಕೆಲಸದಲ್ಲಿ, ಅವರ ಮಾತೇ ಅಂತಿಮ. ಯಾವ ತಿಂಗಳಲ್ಲಿ ಬಿಸಿಲು ಯಾವ ಕಡೆಯಿಂದ ಗಿಡದ ಮೇಲೆ ಬೀಳುತ್ತದೆಂಬುದು ಅವರ ಮೈಗೇ ಗೊತ್ತು. ಹಣ್ಣಿನ ಕಾಲವೆಂದರೆ ಡಿಸೆಂಬರು, ಡಿಸೆಂಬರಿನಲ್ಲಿ ನಡುಹಗಲ ಸೂರ್ಯ ತೆಂಕಕ್ಕೆ ವಾಲಿರುತ್ತಾನೆ, ಹಾಗಾಗಿ ನೆರಳು ಬಡಗಕ್ಕೆ: ಇಷ್ಟನ್ನು ಹಿಡಿದುಕೊಂಡೇ ಅವರು ಕುದುರೆಮುಖದ ಬಿಕೋ ಎನ್ನುವ ರಸ್ತೆಗಳಲ್ಲೂ ಬಾಬಾಬುಡನ್‌ಗಿರಿಯ ತಿರುವುಗಳಲ್ಲೂ ಸೈಕಲ್ ತುಳಿದವರು. ಯಾರನ್ನೂ ದಾರಿ ಕೇಳಿದವರಲ್ಲ, ಮೊಬೈಲಿನ ನಕ್ಷೆಯನ್ನು ಇಣುಕಿದವರಲ್ಲ. ಅರವತ್ತೆಂಟರ ವಯಸ್ಸಿನಲ್ಲಿ, ಬಣ್ಣ ಮಾಸಿದ ಖಾಕಿ ಕೋಟಿನ ಗುಂಡಿಗಳನ್ನೆಲ್ಲ ಹಾಕಿಕೊಂಡು, ಬೆನ್ನು ನೆಟ್ಟಗಿಟ್ಟು ಏರು ಹತ್ತುವ ಅವರ ಹಿಂದೆ ಏದುಸಿರು ಬಿಡುತ್ತ ಹೋಗುವುದು ನನ್ನ ಭಾನುವಾರಗಳ ಮರ್ಯಾದೆಗೇಡು.

ಆದರೆ ಕಳೆದ ವರ್ಷದಿಂದ ಅವರ ಮನೆಯನ್ನು ಒಂದು ಭಯ ಹೊಕ್ಕಿತ್ತು. ಕನ್ನಡಕವನ್ನು ಅಕ್ಕಿಡಬ್ಬದಲ್ಲಿಟ್ಟು ಎರಡು ದಿನ ಹುಡುಕಿದ್ದರು. ಹೆಂಡತಿಯ ತಮ್ಮನ ಹೆಸರು ಮದುವೆಮನೆಯಲ್ಲಿ ಅವನೆದುರಿಗೇ ನೆನಪಾಗಿರಲಿಲ್ಲ. ನಮ್ಮ ನಿಮ್ಮ ಮನೆಗಳಲ್ಲಾದರೆ ನಕ್ಕು ಬಿಡುವ ಸಂಗತಿ. ಅವರ ಅಣ್ಣ ಗುರುವಯ್ಯನವರು ಮಾತ್ರ ಇಂಥ ಸಣ್ಣ ಮರೆವುಗಳಿಂದಲೇ ಶುರುಮಾಡಿ, ಒಂದು ದಿನ ಸಂತೆಗೆಂದು ಹೊರಟು, ಮೂರನೆಯ ದಿನ ಹೊರನಾಡಿನ ದೇವಸ್ಥಾನದ ವಸತಿಗೃಹದ ಮೆಟ್ಟಿಲ ಮೇಲೆ ತಮ್ಮ ಊರಿನ ಹೆಸರು ಹೇಳಲಾರದೆ ಕೂತಿದ್ದವರು. ಹಾಗಾಗಿ ಬೆಳ್ಳಿಯಪ್ಪನವರ ಪತ್ನಿ ಕೃಷ್ಣಮ್ಮನವರು ನಗಲಿಲ್ಲ.

ಇಂಥ ಹೊತ್ತಿನಲ್ಲೇ ತನ್ಮಯ್ ಒಂದು ಪ್ರವಾಸದ ಮಾತೆತ್ತಿದ. ಬೆಳ್ಳಿಯಪ್ಪನವರು ದುಡಿದ ಎಸ್ಟೇಟಿನ ಈಗಿನ ಮಾಲೀಕ ಅವನು, ಮೂವತ್ತು ದಾಟಿದ ಸೈಕಲ್ ಹುಚ್ಚ; ಚಿಕ್ಕವನಿದ್ದಾಗ ಅವನ ಸೈಕಲ್ಲಿನ ಹಿಂದೆ ಓಡಿ ಕಲಿಸಿದವರೇ ಈ ರೈಟರು. ಜುಲೈಯಲ್ಲಿ ಇಲ್ಲಿ ಹೇಗೂ ಮಳೆ, ಇಂಡೋನೇಷ್ಯಾದ ಫ್ಲೋರೆಸ್ ದ್ವೀಪದಲ್ಲಿ ಹತ್ತು ದಿನ ಸೈಕಲ್ ಹೊಡೆಯೋಣ, ರೈಟ್ರು ಬಂದೇ ಬರಬೇಕು ಎಂದು ಹಟ ಹಿಡಿದ. ಹೊರಡುವ ಮುನ್ನಾದಿನ ಕೃಷ್ಣಮ್ಮನವರು ನನ್ನನ್ನು ಜಗುಲಿಗೆ ಕರೆದು, ಗಂಡನಿಗೂ ಕೇಳಿಸುವಂತೆಯೇ ಹೇಳಿದರು:

"ಮೇಷ್ಟ್ರೇ, ಅಲ್ಲಿ ಇವ್ರು ಒಂದ್ಸಲ ದಾರಿ ತಪ್ಪಿದ್ರೂ ನಂಗೆ ಹೇಳ್ಬೇಕು. ಮುಚ್ಚಿಡ್ಬಾರ್ದು. ತಪ್ಪಿದ್ರೆ ಇನ್ನು ಸೈಕಲ್ ಮುಟ್ಟೋ ಹಾಗಿಲ್ಲ."

ಬೆಳ್ಳಿಯಪ್ಪನವರು ಕೋಟಿನ ಜೇಬಿನಿಂದ ತಮ್ಮ ಸೈಕಲ್ಲಿನ ಬೀಗದ ಕೈ ತೆಗೆದು ಹೆಂಡತಿಯ ಕೈಗಿಟ್ಟರು. "ತಪ್ಪದೆ ಬಂದ್ರೆ ವಾಪಸ್ ಕೊಡು" ಎಂದರು. ಮನುಷ್ಯ ಏನನ್ನು ಪಣಕ್ಕಿಟ್ಟನೆಂಬುದು ನನಗೆ ಆಗಲೇ ತಿಳಿಯಿತು.

ಜ್ವಾಲಾಮುಖಿಗಳು ಉಗುಳಿದ ಕಲ್ಲುಮಣ್ಣಿನಿಂದಲೇ ಎದ್ದ ದ್ವೀಪ ಅದು. ಅಲ್ಲಿ ಸಮತಟ್ಟು ರಸ್ತೆಯೆಂದರೆ ಒಂದು ಏರು ಮುಗಿದು ಇಳಿಜಾರು ಶುರುವಾಗುವ ನಡುವಿನ ಹತ್ತು ಮಾರು. ಬಾಡಿಗೆಗೆ ಸಿಕ್ಕ ಸೈಕಲ್ಲುಗಳಿಗೆ ಇಪ್ಪತ್ತೊಂದು ಗೇರು. ಬೆಳ್ಳಿಯಪ್ಪನವರು ಅವುಗಳಲ್ಲಿ ಒಂದನ್ನು ಆರಿಸಿಕೊಂಡು ಉಳಿದ ಇಪ್ಪತ್ತನ್ನು ಮಾತಾಡಿಸಲಿಲ್ಲ. ಮೊದಲೆರಡು ದಿನ ಕಡಲ ಬದಿಯ ತೆಂಗು, ಗದ್ದೆ, ಮೊಬೈಲಿನ ನಕ್ಷೆ ಹಿಡಿದ ತನ್ಮಯ್ ಮುಂದೆ, ನಮ್ಮ ಬೆನ್ನ ಹಿಂದೆ ಅವರು, ಎಲ್ಲ ಸುಸೂತ್ರ. ಮೂರನೆಯ ದಿನ ಒಂದು ಬೆಂಕಿಬೆಟ್ಟದ ಸೊಂಟ ಸುತ್ತುವ ರಸ್ತೆಗೆ ಹತ್ತಿದೆವು, ಕಾಫಿ ತೋಟಗಳು ಬಂದವು.

ಗಿಡಗಳ ತುಂಬ ಕೆಂಪು ಹಣ್ಣು. ಭೂಮಧ್ಯರೇಖೆಯ ಆಚೆಗೆ ಋತುಗಳು ತಿರುಗುಮುರುಗಾದ್ದರಿಂದ ಅಲ್ಲಿ ಜುಲೈಯಲ್ಲೇ ಕುಯಿಲು. ಹೆಂಗಸರು ಸೊಂಟಕ್ಕೆ ಬುಟ್ಟಿ ಕಟ್ಟಿ ಹಣ್ಣು ಕುಯ್ಯುತ್ತಿದ್ದುದನ್ನು ಕಂಡದ್ದೇ ಬೆಳ್ಳಿಯಪ್ಪನವರು ಸೈಕಲ್ ಒರಗಿಸಿ ತೋಟದೊಳಗೆ ಇಳಿದುಬಿಟ್ಟರು. ನೆರಳಿಗೆ ನೆಟ್ಟಿದ್ದ ಹಾಲುವಾಣದ ಮರವನ್ನು ಸವರಿ, ನಮ್ಮ ಎಸ್ಟೇಟುಗಳಲ್ಲಿ ಕರೆಯುವಂತೆ "ಡದಾಪ್" ಎಂದರು. ಕುಯ್ಯುತ್ತಿದ್ದ ಮುದುಕಿಯೊಬ್ಬಳು ಕಣ್ಣರಳಿಸಿ "ದದಾಪ್, ದದಾಪ್" ಎಂದಳು. ಅದು ಅವರ ನಾಡಿನದೇ ಮಾತಂತೆ. ಇನ್ನು ಇವರನ್ನು ಅಲ್ಲಿಂದ ಎಬ್ಬಿಸುವವರು ಯಾರು? ಬುಟ್ಟಿ ಇಸಿದುಕೊಂಡು ಕುಯ್ಯಲು ನಿಂತೇಬಿಟ್ಟರು. ನಡುಹಗಲಾಗಿತ್ತು, ನಮಗೆ ಹೊಟ್ಟೆ ಹಸಿದಿತ್ತು. ತನ್ಮಯ್ ಹೇಳಿದ:

"ರೈಟ್ರೇ, ಮುಂದೆ ಒಂದು ಕವಲು ಬರುತ್ತೆ. ಬಡಗಣ ದಾರಿ ಹಿಡೀರಿ. ಐದೇ ಕಿಲೋಮೀಟರು, ನಾವು ಉಳ್ಕೊಳ್ಳೋ ಮನೆ."

"ಹೋಗಿ ಮಾರಾಯ, ಬಡಗ ನನಗೆ ಹೇಳಿಕೊಡ್ಬೇಕಾ?" ಎಂದರು.

ನಾವಿಬ್ಬರೂ ಮುಂದೆ ಹೋಗಿ ಮನೆ ಸೇರಿದೆವು. ಒಂದು ಗಂಟೆಯಾಯಿತು, ಎರಡಾಯಿತು, ಅವರು ಬರಲಿಲ್ಲ. ತನ್ಮಯ್ ಒಂದು ಸಣ್ಣ ಲಾರಿ ಗೊತ್ತುಮಾಡಿದ. ಕವಲಿನಿಂದ ಹದಿನೆಂಟು ಕಿಲೋಮೀಟರು ತೆಂಕಕ್ಕೆ, ಕಾಫಿ ಒಣಗಿಸುವ ಕಣವೊಂದರ ಅಂಚಿನಲ್ಲಿ, ಕರಿಯ ಲಾವಾ ಕಲ್ಲಿನ ಮೇಲೆ ಅವರು ಕೂತಿದ್ದರು. ಕೋಟಿನ ಗುಂಡಿಗಳು ಬಿಚ್ಚಿದ್ದವು. ಮಧ್ಯಾಹ್ನ ನಾಲ್ಕರ ಬಿಸಿಲು ಮುಖಕ್ಕೆ ಹೊಡೆಯುತ್ತಿದ್ದರೂ ಅತ್ತಲೇ ದಿಟ್ಟಿಸುತ್ತಿದ್ದರು. ನನ್ನನ್ನು ಕಂಡು ತಗ್ಗಿದ ದನಿಯಲ್ಲಿ ಹೇಳಿದರು:

"ಮೇಷ್ಟ್ರೇ, ಸೂರ್ಯ ಮೂಡಕ್ಕೆ ಇಳೀತಿದಾನೆ. ಅಣ್ಣನ ಹಾಗೆ ನನ್ ತಲೇನೂ ಹೋಯ್ತು."

ನನಗೆ ಏನೂ ಅರ್ಥವಾಗಲಿಲ್ಲ. ಸೂರ್ಯ ಇಳಿಯುತ್ತಿದ್ದದ್ದು ಪಡುವಣಕ್ಕೇ; ತನ್ಮಯ್‌ನ ಮೊಬೈಲು ಹಾಗೆಂದಿತು. ಆದರೆ ಹನ್ನೊಂದು ವರ್ಷ ಒಂದೇ ಒಂದು ದಿಕ್ಕನ್ನೂ ತಪ್ಪು ಹೇಳದ ಮನುಷ್ಯನ ಎದುರು ಮೊಬೈಲನ್ನು ನಂಬುವುದೂ ದ್ರೋಹವೆನಿಸಿತು. ಆ ಸಂಜೆ ಊಟಕ್ಕೆ ಕೂತಾಗ ಅವರು ತಟ್ಟೆಯಿಂದ ತಲೆ ಎತ್ತದೆ, "ನಿಮ್ಮ ಎಡಗಡೆ ನೀರಿದೆ, ಸ್ವಲ್ಪ ಕೊಡಿ" ಎಂದರು. ನಾನು ನೀರಿನ ಲೋಟವನ್ನು ಅವರತ್ತ ಸರಿಸಿದೆ.

ಮರುದಿನ ನಡುಹಗಲು ನಾನು ಅಂಗಳದ ಮರಳಿನಲ್ಲಿ ಸೈಕಲ್ ಪಂಪನ್ನು ನೆಟ್ಟಗೆ ಊರಿ ಅವರನ್ನು ಕರೆದೆ. ವಿಜ್ಞಾನದ ಗಂಧವಿಲ್ಲದ ಕನ್ನಡ ಮೇಷ್ಟರು ನಾನು. ಇರುಳೆಲ್ಲ ಹೊರಳಾಡಿದ್ದರಿಂದ ಹೊಳೆದ ಉಪಾಯ ಅಷ್ಟೇ. ಪಂಪಿನ ನೆರಳು ಬಿದ್ದ ಕಡೆಗೆ ತನ್ಮಯ್ ಮೊಬೈಲು ಹಿಡಿದ. ದಕ್ಷಿಣ ಎಂದು ತೋರಿಸಿತು. ಹಾಗಾದರೆ ಸೂರ್ಯ ನಿಂತಿದ್ದದ್ದು ಬಡಗದಲ್ಲಿ.

ಬೆಳ್ಳಿಯಪ್ಪನವರು ಕುಕ್ಕರಗಾಲಿನಲ್ಲಿ ಕೂತು ಆ ನೆರಳನ್ನು ತುಂಬ ಹೊತ್ತು ನೋಡಿದರು. ಆಮೇಲೆ ಕೇಳಿದರು: "ಈಗ ಯಾವ ತಿಂಗ್ಳು?"

"ಜುಲೈ."

"ಹೌದಲ್ಲ. ಹಣ್ಣಿತ್ತಲ್ಲ, ಅದಕ್ಕೆ..." ಎಂದರು.

ಇದೇ ನನ್ನ ಗೊಂದಲ. ಹಣ್ಣು ಕಂಡು ಕುಯ್ದು ಬಂದ ಆ ಮೈ ತನ್ನಷ್ಟಕ್ಕೆ ಡಿಸೆಂಬರಿಗೆ ಹೋಗಿಬಿಟ್ಟಿತ್ತು. ಡಿಸೆಂಬರಿನ ಸೂರ್ಯ ತೆಂಕಕ್ಕೆ ತಾನೇ ಇರಬೇಕು ಎಂದು ಸೂರ್ಯನಿಗೆ ಬೆನ್ನು ಮಾಡಿ, ಬಡಗಕ್ಕೆ ಹೊರಟೆನೆಂದುಕೊಂಡೇ ತೆಂಕಕ್ಕೆ ತುಳಿದಿದ್ದರು. ಹೀಗೆ ದಿಕ್ಕೆಲ್ಲ ತಿರುಗಿಕೊಂಡದ್ದರಿಂದ ಸಂಜೆಯ ಪಡುವಣವೂ ಅವರಿಗೆ ಮೂಡಣವಾಗಿ ಕಂಡಿತ್ತು. ಲೆಕ್ಕ ಚೊಕ್ಕವಾಗಿದೆ. ಆದರೆ ಜುಲೈಯ ನಡುಹಗಲ ಸೂರ್ಯ ನಮ್ಮೂರಿನಲ್ಲೂ ಬಡಗಕ್ಕಿರುತ್ತಾನೆಂದು ಬಲ್ಲವರು, ಜುಲೈಯಲ್ಲಿ ವಿಮಾನ ಹತ್ತಿ ಬಂದವರು ಅದು ಜುಲೈ ಎಂಬುದನ್ನು ಮರೆತರಲ್ಲ, ಅದು ಕಾಫಿಯ ತಪ್ಪೋ ತಲೆಯ ತಪ್ಪೋ? ಕೃಷ್ಣಮ್ಮನವರಿಗೆ ನಾನು ಏನೆಂದು ಹೇಳಲಿ? ಉಳಿದ ದಿನಗಳನ್ನು ಅವರ ಹಿಂದೆ ತುಳಿಯುತ್ತ ಇದನ್ನೇ ಯೋಚಿಸಿದೆ, ಹಿಂತಿರುಗುವ ವಿಮಾನದಲ್ಲಿ ಒಂದು ನಾಜೂಕಿನ ಸುಳ್ಳನ್ನೂ ಸಿದ್ಧಮಾಡಿಕೊಂಡೆ.

ಅದು ಬೇಕಾಗಲಿಲ್ಲ. ಮನೆಯ ಮೆಟ್ಟಿಲು ಹತ್ತಿ, ಕೋಟು ಬಿಚ್ಚುವ ಮೊದಲೇ ಬೆಳ್ಳಿಯಪ್ಪನವರು ಹೇಳಿಬಿಟ್ಟರು. "ತಪ್ಪಿದ್ದೆ. ಬಡಗ ಅಂತ ತೆಂಕಕ್ಕೆ ಹೋದೆ. ಹದಿನೆಂಟು ಕಿಲೋಮೀಟರು."

ಕೃಷ್ಣಮ್ಮನವರ ಮುಖ ಬಿಳಿಚಿತು. "ನೀವಾ? ಯಾಕೆ?"

"ಹಣ್ಣು ಕುಯ್ತಿದ್ರು."

ನಾನು ಪಂಪಿನ ಕತೆಯನ್ನು ವಿವರಿಸಲು ಬಾಯಿ ತೆರೆದೆ. ಆಕೆ ನನ್ನತ್ತ ನೋಡಲೂ ಇಲ್ಲ. ತಮ್ಮ ಎರಡೆಕರೆಯಲ್ಲಿ ಮೂವತ್ತೈದು ಡಿಸೆಂಬರು ಹಣ್ಣು ಕುಯ್ದ ಹೆಂಗಸು ಅಂಗಳದಾಚೆಯ ಗಿಡಗಳ ಹಸಿರು ಕಾಯಿಗಳನ್ನೊಮ್ಮೆ, ಗಂಡನನ್ನೊಮ್ಮೆ ನೋಡಿದರು.

"ಕೆಂಪು ಹಣ್ಣಾ?"

"ಕೆಂಪು ಹಣ್ಣು."

"ಸೂರ್ಯ?"

"ಬಡಗಕ್ಕಿದ್ದ."

"ಹಂಗಾದ್ರೆ ನಾನೂ ಅತ್ಲಾಗೇ ಹೋಗ್ತಿದ್ದೆ" ಎಂದು ಸೆರಗಿನ ಗಂಟು ಬಿಚ್ಚಿ ಬೀಗದ ಕೈ ಕೊಟ್ಟರು. ನಾನು ಒಂದಿಡೀ ಇರುಳು, ಒಂದು ಪಂಪು ಮತ್ತು ಒಂದು ಮೊಬೈಲು ವ್ಯಯಿಸಿ ತಲುಪಿದ ಜಾಗಕ್ಕೆ ಆಕೆ ಮೂರು ಮಾತಿನಲ್ಲಿ ಬಂದು ನಿಂತಿದ್ದರು.

ಅವರ ತಲೆಯಲ್ಲಿ ಏನು ನಡೆಯುತ್ತಿದೆ ಎಂಬುದು ನನಗೆ ಇಂದಿಗೂ ಗೊತ್ತಿಲ್ಲ. ಕಳೆದ ಭಾನುವಾರ ಕನ್ನಡಕ ಮತ್ತೆ ಅಕ್ಕಿಡಬ್ಬದಲ್ಲಿ ಸಿಕ್ಕಿತಂತೆ. ಆದರೂ ಏರುರಸ್ತೆಯಲ್ಲಿ ಆ ಖಾಕಿ ಬೆನ್ನಿನ ಹಿಂದೆ ಹೋಗುವಾಗ ಒಂದು ಮಾತು ಮನಸ್ಸಿಗೆ ಬರುತ್ತದೆ. ಇಂಥವರು ಭೂಮಿಯ ಒಂದು ತುಣುಕಿಗೆ ತಮ್ಮ ಮೈಯನ್ನೇ ಒಪ್ಪಿಸಿಬಿಟ್ಟಿರುತ್ತಾರೆ; ಅದನ್ನು ಬಿಟ್ಟು ಹೊರಗೆ ಕಾಲಿಟ್ಟರೆ ಅವರಿಗೆ ಸೂರ್ಯನೂ ಮೋಸ ಮಾಡಬಲ್ಲ. ನನ್ನಂಥವರನ್ನು ಯಾವ ದ್ವೀಪಕ್ಕೆ ಒಯ್ದು ಬಿಟ್ಟರೂ ಮೊಬೈಲು ಹಿಡಿದು ನೆಟ್ಟಗೆ ಮನೆ ಸೇರುತ್ತೇವೆ, ಹಾಗೆ ದಾರಿ ತಪ್ಪುವಷ್ಟು ಚೆನ್ನಾಗಿ ನಮಗೆ ಯಾವ ಊರೂ ಗೊತ್ತಿಲ್ಲ.