ಏಳರ ಕೂಗಿಗೆ ಮುಂಚೆ

ಜುಂಜಯ್ಯನಿಗೆ ಬಾಯ್ಲರಿನ ಎದುರು ಇದ್ದ ಧೈರ್ಯ ಮಾಲೀಕರ ಎದುರು ಇರಲಿಲ್ಲ. ಎರಡಾಳೆತ್ತರದ ಆ ಕಬ್ಬಿಣದ ಭೂತವನ್ನು ಎಂಟು ವರ್ಷದಿಂದ ಹದದಲ್ಲಿಟ್ಟವನು, ಬಸವರಾಜಪ್ಪನವರ ಕೋಣೆಗೆ ಹೋಗುವಾಗ ಮಾತ್ರ ಚಪ್ಪಲಿಯ ಜೊತೆ ನಾಲಿಗೆಯನ್ನೂ ಬಾಗಿಲಾಚೆಯೇ ಬಿಟ್ಟು ಹೋಗುತ್ತಿದ್ದ.

ಚಿಕ್ಕನಾಯಕನಹಳ್ಳಿಯಿಂದ ಹುಳಿಯಾರಿಗೆ ಹೋಗುವ ದಾರಿಯಲ್ಲಿ ಆ ಕಾರ್ಖಾನೆ. ತೆಂಗಿನಕಾಯಿಯ ಚಿಪ್ಪು ಬಿಡಿಸಿ, ಕಂದು ಸಿಪ್ಪೆ ಹೆರೆದು, ತುರಿದು, ಆವಿಯ ಕಾವಿನಲ್ಲಿ ಒಣಗಿಸಿ, ಬಿಳಿ ಪುಡಿ ಮಾಡಿ ಬಿಸ್ಕತ್ತಿನ ಕಂಪನಿಗಳಿಗೆ ಕಳಿಸುತ್ತಿದ್ದರು. ಬೆಳಗಿನ ಏಳಕ್ಕೆ ಅಲ್ಲಿನ ಸಿಳ್ಳೆಯ ಕೂಗಾದರೆ ಸುತ್ತಲ ಊರುಗಳೆಲ್ಲ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದವು. ಜುಂಜಯ್ಯ ಗೊಲ್ಲರಹಟ್ಟಿಯವನು. ಬೆಂಗಳೂರಿನಲ್ಲಿ ಬಾಯ್ಲರ್ ಪರೀಕ್ಷೆ ಪಾಸಾಗಿ ಸರ್ಟಿಫಿಕೇಟು ತಂದವನು ಹತ್ತೂರಿಗೆ ಅವನೊಬ್ಬನೇ. ಆದರೇನು, ಹಿತ್ತಲ ಗಿಡ ಮದ್ದಲ್ಲ. ಎಂಬತ್ತಮೂರನೇ ಇಸವಿಯಲ್ಲಿ ಅವನ ಸಂಬಳ ಮುನ್ನೂರ ಇಪ್ಪತ್ತು. ಆ ವರ್ಷ ಹೊರಗಿನಿಂದ ಬಂದ ಡಿಪ್ಲೊಮಾ ಸೂಪರ್‌ವೈಸರನಿಗೆ ಏಳುನೂರು. ಅವನಿಗೆ ವಾಲ್ವು ಯಾವುದು, ಗೇಜು ಯಾವುದು ಎಂದು ತೋರಿಸಿಕೊಟ್ಟವನು ಜುಂಜಯ್ಯನೇ. ಹೊಟ್ಟೆ ಉರಿಯಿತೇ ಎಂದರೆ, ಉರಿಯಿತು. ಉರಿಯದಿದ್ದರೆ ಅವನು ಮನುಷ್ಯನೇ ಅಲ್ಲ.

ಆದರೆ ಅವನಿಗೆ ಬೇಕಿದ್ದದ್ದು ಏಳುನೂರಲ್ಲ, ನೂರು ರೂಪಾಯಿ ಹೆಚ್ಚು, ಅಷ್ಟೇ. ಅರವತ್ತು ದಾಟಿದ ಅವನ ತಾಯಿ ಕಾಳಕ್ಕ ಇನ್ನೂ ನಲವತ್ತು ಕುರಿಗಳ ಹಿಂದೆ ನಡೆಯುತ್ತಿದ್ದಳು. ಹೋದ ತಿಂಗಳು ಮಂಡಿ ಹಿಡಿದುಕೊಂಡು ಕೆರೆ ಏರಿಯ ಮೇಲೆ ಕೂತುಬಿಟ್ಟವಳನ್ನು ಜನ ಗಾಡಿಯಲ್ಲಿ ತಂದು ಬಿಟ್ಟಿದ್ದರು. ಕುರಿ ಮಾರು ಎಂದರೆ ಮಗನನ್ನೇ ಮಾರು ಎಂದಷ್ಟು ಸಿಟ್ಟು. ಹಟ್ಟಿಯ ಯತ್ತಪ್ಪನನ್ನು ಕುರಿ ಕಾಯಲು ಇಟ್ಟುಕೊಳ್ಳಬೇಕು, ಅದಕ್ಕೆ ತಿಂಗಳಿಗೆ ನೂರು ಬೇಕು.

"ಏನಂತ ಕೇಳ್ತೀಯ?" ಎಂದಳು ಕಾಳಕ್ಕ, ಸಂಜೆ ಕುರಿಗಳನ್ನು ಬೇಲಿಯೊಳಗೆ ಕೂಡುತ್ತಾ.

"ಮನೇಲಿ ಕಷ್ಟ ಐತೆ, ನೂರು ರೂಪಾಯಿ ಜಾಸ್ತಿ ಮಾಡಿ ಅಂತೀನಿ."

"ಥೂ! ಕಷ್ಟ ಹೇಳ್ಕೊಂಡೋನಿಗೆ ಕನಿಕರ ಸಿಕ್ತದೆ, ಕೂಲಿ ಸಿಗಾಕಿಲ್ಲ. ನಾನು ಒಂದಿನನಾರ ಕಷ್ಟ ಹೇಳಿ ಮಂದೆ ತರುಬಿದೀನಾ?"

ಕುಯ್ಲಾದ ಹೊಲದಲ್ಲಿ, ತೆಂಗಿನ ತೋಟದಲ್ಲಿ ರೈತರು ರಾತ್ರಿ ಕುರಿಮಂದೆ ನಿಲ್ಲಿಸಿಕೊಳ್ಳುತ್ತಾರೆ. ಬೆಳಗಾಗುವುದರಲ್ಲಿ ನೆಲಕ್ಕೆ ಗೊಬ್ಬರ, ಕುರಿಯವರಿಗೆ ರಾಗಿ. ಇದನ್ನೇ ಮಂದೆ ತರುಬುವುದು ಎನ್ನುವುದು. ಆ ರಾಗಿಯ ಮಾತುಕತೆಯಲ್ಲಿ ಕಾಳಕ್ಕನನ್ನು ಗೆದ್ದ ಗೌಡ ಇನ್ನೂ ಹುಟ್ಟಿರಲಿಲ್ಲ.

"ಹಗಲೆಲ್ಲ ಅವ್ರ ಹೊಲದಾಗೆ ಮೇದ್ರೂ ಒಂದು ಕಾಳು ಕೊಡಾಕಿಲ್ಲ ಕಣ್ಲಾ. ಅವ್ರು ಮಲಗಿದ್ದಾಗ ಆಗೋ ಕೆಲ್ಸಕ್ಕೇ ನಮ್ಗೆ ಕೂಲಿ. ನೀನು ಕೋಳಿ ಕೂಗೋಕೆ ಮುಂಚೆ ಎದ್ದು ಹೋಗ್ತೀಯಲ್ಲ, ಅದಕ್ಕೇನು ಕೊಡ್ತಾನೆ ನಿನ್ನ ಸಾವ್ಕಾರ?"

"ಅದು ಲೆಕ್ಕಕ್ಕಿಲ್ಲ ಕಣವ್ವ. ಕೆಲ್ಸ ಏಳರಿಂದ. ನಾಕಕ್ಕೆ ಹೋಗಾದು ಬರೀ ಬೆಂಕಿ ಹಾಕಾಕೆ."

ಕಾಳಕ್ಕ ಮಗನ ಮುಖವನ್ನೇ ನೋಡಿದಳು. "ಎಂಟು ವರ್ಷ! ನನ್ನ ಹೊಟ್ಟೇಲಿ ಹುಟ್ಟಿ!" ಎಂದು ಹಣೆ ಚಚ್ಚಿಕೊಂಡಳು. "ಇರುಳಿನ ಮಾತೆತ್ತು. ದುಡ್ಡಿನ ಮಾತು ಮೊದ್ಲು ಅವನ ಬಾಯಿಂದ ಬರ್ಲಿ."

ಮರುದಿನ ಹತ್ತು ಗಂಟೆಗೆ ಜುಂಜಯ್ಯ ಮಾಲೀಕರ ಕೋಣೆಯಲ್ಲಿ ನಿಂತ. ಬಸವರಾಜಪ್ಪನವರು ಕೆಟ್ಟವರಲ್ಲ. ತಿಪಟೂರಿನಲ್ಲಿ ಕೊಬ್ಬರಿ ಮಂಡಿ ನಡೆಸಿ ಮೇಲೆ ಬಂದವರು. ಕೊಬ್ಬರಿ ಕೊಳ್ಳುವವನು ಬೆಲೆಗೆ ಮೊದಲು ಹುಳುಕು ತೋರಿಸುತ್ತಾನೆ. ಅವ್ವ ಹೇಳಿದ್ದು ಮರೆತು ಜುಂಜಯ್ಯ ಸಂಬಳದ ಮಾತೆತ್ತಿದೊಡನೆ ಅವರೂ ಅದನ್ನೇ ಮಾಡಿದರು. ಹೊಗೆ ಜಾಸ್ತಿ ಎಂದರು. ಪೈಪಿನ ಜಾಯಿಂಟು ಸೋರಿದ್ದನ್ನು ನೆನಪಿಸಿದರು. ಕೊನೆಗೆ, "ಇಪ್ಪತ್ತು ರೂಪಾಯಿ ಹಾಕಿಸ್ತೀನಿ, ಹೋಗು. ನೀನು ಮನೆ ಮಗ ಇದ್ದಂಗೆ" ಎಂದರು.

ಮನೆ ಮಗ ಎಂದ ಮೇಲೆ ಮಾತು ಮುಗಿದಂತೆಯೇ. ಪ್ರತಿ ವರ್ಷವೂ ಅವನು ಕೈಮುಗಿದು ಈಚೆ ಬರುತ್ತಿದ್ದದ್ದು ಇಲ್ಲೇ. ಕಾಲು ಬಾಗಿಲ ಕಡೆ ತಿರುಗಿತ್ತು. ಕೆರೆ ಏರಿಯ ಮೇಲೆ ಕೂತ ಅವ್ವ ಕಣ್ಣಿಗೆ ಬಂದಳು.

"ಸ್ವಾಮಿ, ನಾನು ನಾಕು ಗಂಟೆಗೆ ಬತ್ತೀನಿ. ಆ ಮೂರು ಗಂಟೆಗೆ ಏನೂ ಇಲ್ಲ."

"ಯಾರಯ್ಯಾ ನಾಕಕ್ಕೆ ಬಾ ಅಂದೋರು? ಎಲ್ಲರ ಹಾಗೆ ಏಳಕ್ಕೆ ಬಾ."

"ಆಗ್ಲಿ ಸ್ವಾಮಿ. ಆದ್ರೆ ಏಳರ ಕೂಗು ಯಾರು ಕೂಗಿಸ್ತಾರೆ?"

"ನೀನೇ. ಕೂಗಿನ ಸರಪಳಿ ಎಳೆಯೋನು ನೀನೇ ತಾನೆ?"

"ಎಳೀಬೋದು. ಕೂಗಾಗೋದು ಆವಿಯಿಂದ. ತಣ್ಣಗಿರೋ ಬಾಯ್ಲರು ಕೂಗಾಕಿಲ್ಲ." ಜುಂಜಯ್ಯ ಬಾಗಿಲ ಕಡೆ ತಿರುಗಿದ್ದ ಕಾಲನ್ನು ಈಚೆ ತಂದ. "ಏಳಕ್ಕೆ ಬೆಂಕಿ ಹಾಕಿದ್ರೆ ಆವಿ ಬರಾಕೆ ಹತ್ತಾಯ್ತದೆ. ಅಲ್ಲೀಗಂಟ ನೂರು ಜನ ಹೆಣ್ಮಕ್ಳು ಕೈಕಟ್ಕೊಂಡು ಕೂರ್ಬೇಕು. ಅವ್ರದ್ದು ಕಾಯಿಗಿಷ್ಟು ಅಂತ ಕೂಲಿ. ಅವ್ರ ಮುಖ ನೋಡಿ ಇಷ್ಟು ವರ್ಷ ಬಂದೆ ಸ್ವಾಮಿ."

ಒಂಬತ್ತಕ್ಕೆ ಕಾರಿನಲ್ಲಿ ಬಂದಿಳಿಯುವ ಬಸವರಾಜಪ್ಪನವರಿಗೆ ಕಾರ್ಖಾನೆ ಯಾವಾಗಲೂ ಕಾದೇ ಇರುತ್ತಿತ್ತು. ಕಾಯಿಸಿದವರು ಯಾರೆಂದು ಅವರು ಯೋಚಿಸಿರಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಎಷ್ಟು ಬೇಕು?"

"ನೀವೇ ಹೇಳಿ ಸ್ವಾಮಿ."

ಮುನ್ನೂರ ಎಂಬತ್ತು ಎಂದರು. ಜುಂಜಯ್ಯ ನೆಲ ನೋಡಿದ. ನಾನೂರು ಎಂದರು. ಅವನು ಅದೇ ನೆಲವನ್ನು ನೋಡಿದ. "ನಾನೂರ ಮೂವತ್ತು, ಇನ್ನು ಉಸಿರೆತ್ತಬೇಡ" ಎಂದವರು, ಅವನ ನೇಮಕದ ಕಾಗದದಲ್ಲಿ ಏಳು ಗಂಟೆ ಎಂದಿದ್ದುದನ್ನು ಹೊಡೆದುಹಾಕಿ ನಾಲ್ಕು ಎಂದು ತಾವೇ ಬರೆದರು. "ಎಂಟು ವರ್ಷ ಯಾಕಯ್ಯಾ ಬಾಯಿ ಬಿಡಲಿಲ್ಲ?" ಎಂದಾಗ ಅವರ ದನಿಯಲ್ಲಿ ಗದರಿಕೆ ಇರಲಿಲ್ಲ.

ಭಾನುವಾರ ಯತ್ತಪ್ಪ ಬಂದ. ನಲವತ್ತು ದಾಟಿದ, ಮೆತ್ತನೆಯ ಮನುಷ್ಯ. ಮಗ ನೂರು ಕೊಡಲು ಸಿದ್ಧನಿದ್ದರೂ ಕಾಳಕ್ಕನ ಹುಟ್ಟುಗುಣ ಬಿಡಬೇಕಲ್ಲ.

"ತಿಂಗಳಿಗೆ ಎಂಬತ್ತು, ಎರಡು ಹೊತ್ತು ಊಟ, ವರ್ಷಕ್ಕೊಂದು ಕಂಬಳಿ. ಏಳರ ಕೂಗಿಗೆ ಕುರಿ ಬುಡು, ಹೊತ್ತು ಮುಳುಗಿದ್ ಮ್ಯಾಲೆ ಕೂಡು. ಮಂದೆ ತರುಬಿದ್ ದಿನ ಅಲ್ಲೇ ಹೊಲದಾಗೆ ಕಾಯ್ಕೊಂಡಿರು."

ಯತ್ತಪ್ಪ ತಲೆ ಬಗ್ಗಿಸಿ ಹೂಂ ಎಂದ. ಅವನ ಚಪ್ಪಲಿ ಬಾಗಿಲಾಚೆ ಇತ್ತು. ಜುಂಜಯ್ಯ ಆ ಚಪ್ಪಲಿಯನ್ನು ನೋಡಿದ, ಆ ಬಗ್ಗಿದ ತಲೆಯನ್ನು ನೋಡಿದ.

"ಇರುಳಿಂದು ಎಷ್ಟವ್ವಾ?" ಎಂದ.

ಕಾಳಕ್ಕ ಸರಕ್ಕನೆ ಮಗನ ಕಡೆ ತಿರುಗಿದಳು. "ನಾನು ಹೇಳ್ಕೊಟ್ಟಿದ್ದು ನನ್ ಮನೇಲೇ ಕೇಳ್ಲಿ ಅಂತಲ್ಲ ಕಣ್ಲಾ, ಬಡ್ಡೀಮಗ್ನೆ!" ಎಂದು ಬೈದಳು. ಯತ್ತಪ್ಪ ಮೆಲ್ಲನೆ ತಲೆ ಎತ್ತಿದ.

"ಇರುಳಿಂದೂ ಸೇರಿ ನೂರು," ಎಂದಳು ಕಾಳಕ್ಕ ಆಮೇಲೆ, ಯತ್ತಪ್ಪನ ಮುಖ ನೋಡದೆ.

ಮರುದಿನ ಏಳರ ಕೂಗಾದಾಗ ಕುರಿಗಳು ಯತ್ತಪ್ಪನ ಹಿಂದೆ ಹೊರಟವು. ಕಾಳಕ್ಕ ಹೊಸಿಲ ಮೇಲೆ ಮಂಡಿ ನೀಡಿಕೊಂಡು ಕೂತು, ಆ ಕೂಗನ್ನು ಕೊನೆಯವರೆಗೂ ಕೇಳಿದಳು.