ಧೂಳು ಹಚ್ಚುವ ಕೆಲಸ

ಒಂದಾನೊಂದು ಕಾಲದಲ್ಲಿ, ಮಳೆಯ ಮುಖವನ್ನೇ ಕಾಣದ ಮರಳಿನ ರಾಜ್ಯದಲ್ಲಿ, ಒಂದು ಕಬ್ಬಿಣದ ಆಮೆ ಇತ್ತಂತೆ, ಮೂಗು ತಾಳೆಮರದಷ್ಟು ಉದ್ದ, ಹೊಟ್ಟೆಯೊಳಗೆ ಮೂರು ಜನ ಗಂಡಸರು, ಆಮೆ ನುಂಗಿದ್ದಲ್ಲ, ಅವರೇ ಬಾಗಿಲು ತೆಗೆದು ಇಳಿದದ್ದು — ಬಾಗಿ ಅಜ್ಜಿ ಹೇಳಿದ್ದರೆ ಹೀಗೇ ಶುರುವಾಗುತ್ತಿತ್ತು ಎಂದು ಅಶ್ಮಿತಾ ಅಂದುಕೊಳ್ಳುವಷ್ಟರಲ್ಲಿ ಮೇಜು ಗದಗದ ನಡುಗಿತು, ಕಲ್ಯಾಣದ ಫಾಸ್ಟ್ ಲೋಕಲ್, ಅವಳು ಕುಂಚ ಮೇಲೆತ್ತಿ ಉಸಿರು ಕಟ್ಟಿ ಕುಳಿತಳು. ಡೊಂಬಿವಲಿಯ ಈ ಮನೆಯಲ್ಲಿ ಒಂದು ಸಣ್ಣ ಗೆರೆ ಎಳೆಯಬೇಕಾದರೂ ಎರಡು ರೈಲುಗಳ ನಡುವಿನ ಸಂದಿ ನೋಡಿಕೊಂಡು ಎಳೆಯಬೇಕು, ಸ್ಲೋ ಹೋದ ಮೇಲೆ, ಫಾಸ್ಟ್ ಬರುವ ಮೊದಲು, ಆ ಸಂದಿಯಲ್ಲೇ ಅಮ್ಮನ ಕುಕ್ಕರ್ ಕೂಗದಿದ್ದರೆ. ಮೇಜಿನ ಮೇಲೆ ಗೇಣುದ್ದದ ಪ್ಲಾಸ್ಟಿಕ್ ಟ್ಯಾಂಕು, ಯುದ್ಧದ್ದರ ಮಾದರಿ, ಇಂದು ಬೆಳಗ್ಗೆ ತಾನೇ ಹುಟ್ಟಿದ ಹಾಗೆ ಥಳಥಳ, ತಿಂಗಳುಗಟ್ಟಲೆ ಹಚ್ಚಿದ ಧೂಳು, ಎಣ್ಣೆಯ ಕಲೆ, ತುಕ್ಕಿನ ಗೆರೆ, ಒಂದೂ ಇಲ್ಲ, ಮೂತಿಯ ಮೇಲೆ ಗಂಧ, ಗಂಧದ ಮೇಲೆ ಕುಂಕುಮ, ಚೈನಿನ ಕೆಳಗೆ ನಿಂಬೆಹಣ್ಣು, ಹಣ್ಣಿನ ಮೇಲೆ ಒಂದು ಕಡೆ ಹತ್ತಿ ನಿಂತ ಟ್ಯಾಂಕು ಫ್ಯಾನಿಗೇ ಗುರಿಯಿಟ್ಟ ಹಾಗೆ ವಾಲಿಕೊಂಡಿದೆ, ಮತ್ತು ಸಂಜೆ ಗುಣಪಾಲ ಮಾವ ಬರುತ್ತಾರೆ.

ನಿನ್ನೆ ಆಯುಧಪೂಜೆ. ಅವಳು ಆಫೀಸಿನಲ್ಲಿದ್ದಾಗ ಅಜ್ಜಿ ಮನೆಯ ಕತ್ತಿ, ಕಾಯಿ ತುರಿಯುವ ಕೆರೆಮಣೆ, ಮಿಕ್ಸರು, ಅಪ್ಪನ ಸ್ಕೂಟರು ಎಲ್ಲ ತೊಳೆದು, ಇದೊಂದು ಗಾಡಿ ಉಳಿಯಿತಲ್ಲ ಎಂದು ಅಂಟುವಾಳದ ನೊರೆಯಲ್ಲಿ ಅದ್ದಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಸಂದಿಗೊಂದಿಯೆಲ್ಲ ತಿಕ್ಕಿ, ಬಿಸಿಲಿಗಿಟ್ಟು, ಪೂಜೆಯ ಸಾಲಿನಲ್ಲಿ ಕೂರಿಸಿದ್ದರು. ಸಂಜೆ ಬಂದು ನೋಡಿದವಳು, ಅಜ್ಜೀ ಅದು ಕೊಳೆ ಅಲ್ಲ, ನಾನೇ ಹಚ್ಚಿದ್ದು, ಅಂದಳು, ಅಜ್ಜಿ ಕನ್ನಡಕದ ಮೇಲಿಂದ ನೋಡಿ, ಕೊಳೆ ಯಾರಾದ್ರೂ ಹಚ್ತಾರಾ ಮಾರಾಯ್ತಿ, ನಿಂಗೆ ಆಫೀಸಿನಲ್ಲಿ ಬೇರೆ ಕೆಲಸ ಇಲ್ವಾ, ನನ್ನ ಮಗನ ಗಾಡಿ ಅದು, ವರ್ಷಕ್ಕೊಂದು ದಿನ ಮಿಂದು ಕೂತ್ಕೊಳ್ಲಿ. ಒಳಗಿಂದ ಅಮ್ಮ ಚಂಪಾಳ ದನಿ, ಬಿಡೇ, ನಿನ್ನ ಮಾವನನ್ನೇ ಅಜ್ಜಿ ಹೀಗೆ ತಿಕ್ಕಿ ಮೀಯಿಸುತ್ತಿದ್ದದ್ದು, ಅರ್ಧ ಚರ್ಮ ಹೋಗ್ತಿತ್ತು. ಇಬ್ಬರೂ ನಕ್ಕರು. ಅಶ್ಮಿತಾ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತಳು, ನೀರು ಹರಿದು ಹೋಗುವುದನ್ನೇ ನೋಡುತ್ತ, ತಾನು ಹಚ್ಚಿದ್ದ ರಾಜಸ್ಥಾನದ ಧೂಳೆಲ್ಲ ಇಲ್ಲೇ ಎಲ್ಲೋ ಈ ಜಾಲರಿಯಲ್ಲಿ ಇಳಿದು ಹೋಗಿರಬೇಕು.

ಇನ್ನೊಮ್ಮೆ ಹಚ್ಚು, ಇನ್ನೇನು, ಹಳದಿ ಸೀಮೆಸುಣ್ಣ, ಕಂದು ಸೀಮೆಸುಣ್ಣ, ಉಜ್ಜು, ಪುಡಿ ಮಾಡು, ಜರಡಿ ಹಿಡಿ — ಧೂಳು ಅಂದ್ರೆ ಅರಿಶಿನದ ಹಾಗೆ ಮಗಾ, ಬಾಯಲ್ಲಿ, ಕಣ್ಣಲ್ಲಿ, ಚಪಾತಿಯಲ್ಲಿ, ಎಂದಿದ್ದರು ಮಾವ, ಅಮ್ಮನ ಅಣ್ಣ, ಸೈನ್ಯದಲ್ಲಿ ಟ್ಯಾಂಕು ಓಡಿಸಿದವರು, ಈಗ ಐರೋಲಿಯ ಐಟಿ ಪಾರ್ಕಿನ ಗೇಟಿನಲ್ಲಿ ಸೆಕ್ಯುರಿಟಿ ಸೂಪರ್‌ವೈಸರ್, ಬರುವ ಕಾರುಗಳ ನಂಬರು ಓದಬೇಕಾದವರು, ಓದಲಾಗದೆ ಪಕ್ಕದವನನ್ನು ಕೇಳುವವರು. ಸಕ್ಕರೆ ಕಾಯಿಲೆ ಎಡಗಣ್ಣನ್ನು ತಿಂದು ಮುಗಿಸಿ ಬಲಗಣ್ಣಿಗೆ ಕೈಹಾಕಿತ್ತು, ದಸರಾ ಕಳೆದ ಮೇಲೆ ಥಾಣೆಯ ಆಸ್ಪತ್ರೆಯಲ್ಲಿ ಆಪರೇಷನ್, ದೃಷ್ಟಿ ಬಂದರೆ ಬಂತು ಇಲ್ಲದಿದ್ದರೆ ಇಲ್ಲ ಎಂದು ಡಾಕ್ಟರು ಕೈತೊಳೆದುಕೊಂಡಿದ್ದರು. ಕಾಣ್ತಾ ಇರುವಾಗ ಒಮ್ಮೆ ತೋರಿಸು ಮಗಾ, ನನ್ನ ಗಾಡಿ, ಪರೇಡಿನದ್ದಲ್ಲ, ಮರಳಲ್ಲಿ ಇದ್ದದ್ದು. ಬಿಸು ಹಬ್ಬಕ್ಕೆ, ಹೊಸ ವರ್ಷಕ್ಕೆ ಕೊಡ್ತೇನೆ ಮಾವ ಅಂದಿದ್ದಳು. ಬಿಸು ಹೋಯಿತು, ಅಷ್ಟಮಿ ಹೋಯಿತು, ಚೌತಿಯೂ ಹೋಯಿತು, ಇನ್ನೊಂದು ಪದರ ಧೂಳು, ಇನ್ನೊಂದು ಹನಿ ಎಣ್ಣೆ, ಇನ್ನೂ ಆಗಲಿಲ್ಲ ಮಾವ, ಇನ್ನು ಸ್ವಲ್ಪ — ಅದು ಮೇಜಿನ ಮೇಲೆ ಇರುವವರೆಗೂ ಮಾವನಿಗೆ ಕಣ್ಣು ಉಂಟು, ಕೈಗೆ ಕೊಟ್ಟ ದಿನ, ಕಣ್ಣಿನ ಹತ್ತಿರ ತಂದು, ಇನ್ನೂ ಹತ್ತಿರ ತಂದು, ಚೆಂದ ಉಂಟು ಮಗಾ ಎಂದು ಸುಳ್ಳು ಹೇಳಿದರೆ, ಆಗ.

ಅದಕ್ಕೇ ಆ ಹೊಳಪಿನ ಹಿಂದೆ ಬಿದ್ದಿದ್ದಳು. ಮೈಯೆಲ್ಲ ಧೂಳು, ಬಣ್ಣ ಯಾವುದಂತಲೇ ಗೊತ್ತಾಗ್ಲಿಕ್ಕಿಲ್ಲ, ಆದರೆ ನನ್ನ ಮುಚ್ಚಳದ ಒಂದು ಅಂಚು ಮಾತ್ರ ಬೆಳ್ಳಿ ಹಾಗೆ ಹೊಳೀತಿತ್ತು, ಇಳಿಯುವಾಗ ಹತ್ತುವಾಗ ನನ್ನ ಕೈ ಬೀಳ್ತಿದ್ದದ್ದು ಅಲ್ಲಿಗೇ ಅಲ್ವಾ — ಎಂದಿದ್ದರು ಮಾವ, ಗಾಳಿಯಲ್ಲಿ ಕೈ ಚಾಚಿ ಹಿಡಿದು ತೋರಿಸಿದ್ದರು. ಬೆಳ್ಳಿ ಬಣ್ಣ ಹಚ್ಚಿದರೆ ಮದುವೆ ಮನೆಯ ಚಮಚದ ಹಾಗೆ ಕಾಣುತ್ತಿತ್ತು, ಒರೆಸಿದಳು, ಬೂದು ಹಚ್ಚಿದಳು, ಒರೆಸಿದಳು, ಪೆನ್ಸಿಲ್ಲಿನ ಸೀಸ ಉಜ್ಜಿದಳು, ಅದು ಸ್ವಲ್ಪ ಸರಿ, ಆದರೂ ಹಚ್ಚಿದ್ದು ಹಚ್ಚಿದ್ದೇ, ಮುಟ್ಟಿ ಮುಟ್ಟಿ ಆದದ್ದಲ್ಲ. ಈಗ ನಿಂಬೆಹಣ್ಣು ತೆಗೆದಿಟ್ಟು ಬೆಳಕಿಗೆ ಹಿಡಿದರೆ ಅಜ್ಜಿಯ ಬ್ರಷ್ಷು ಎಲ್ಲೆಲ್ಲಿ ಉಬ್ಬು ಇದೆಯೋ ಅಲ್ಲಲ್ಲಿ ಬಣ್ಣ ಸವೆಸಿದೆ, ಮೆಟ್ಟಿಲ ಅಂಚು, ಕೊಕ್ಕೆ, ಮುಚ್ಚಳದ ಸುತ್ತ, ಯಾವ ಫೋಟೋ ನೋಡಿ ಮಾಡಿದರೂ ಬಾರದಿದ್ದ ಸವೆತ, ಕೈಯಿಂದ ಆದ ಸವೆತ, ಒಬ್ಬ ತಾಯಿ ಮಗನನ್ನು ತಿಕ್ಕಿದ ಹಾಗೆ — ಅಶ್ಮಿತಾಳಿಗೆ ನಗು ಬಂತು, ಅಳುವೂ. ತೊಳೆದರೂ ಕುಂಕುಮ ಸಂದಿಯಿಂದ ಹೋಗಲಿಲ್ಲ, ಇರಲಿ, ಅದೇ ತುಕ್ಕು, ಅದರ ಮೇಲೆ ಒಂದು ಕಂದು ಗೆರೆ, ರೈಲು, ನಿಲ್ಲು, ಈಗ ಎಳೆ. ಅಂಚಿಗೆ ಸೀಸ ಒತ್ತಿ ಒತ್ತಿ ತುಂಬಿದಳು, ನಂತರ ಧೂಳು, ಕುಂಚದ ತುದಿಯನ್ನು ಬೆರಳಿಂದ ತಟ್ಟಿ ತಟ್ಟಿ, ಗೋಪುರದ ಮೇಲೆ, ಗಾಲಿಗಳ ನಡುವೆ, ಇನ್ನಷ್ಟು ಬೇಕೆಂದು ಪುಡಿಯ ಡಬ್ಬಿಯನ್ನೇ ಮೇಲೆ ಹಿಡಿದು ತಟ್ಟಿದಳು, ಡಬ್ಬಿಯೇ ಬಗ್ಗಿತು, ಮುಂಭಾಗದ ಮೇಲೆಲ್ಲ ಹಳದಿ ಸುರಿಯಿತು, ಅಂಚೂ ಹೂತುಹೋಯಿತು, ಊದಲೇ, ಊದಿದರೆ ಉಳಿದದ್ದೂ ಹೋಗುತ್ತದೆ, ಮತ್ತೆ ಮೊದಲಿಂದ, ನಾಳೆ ಬನ್ನಿ ಮಾವ, ದೀಪಾವಳಿಗೆ ಕೊಡ್ತೇನೆ ಮಾವ —

ಬೆಲ್ಲು ಬಡಿಯಿತು.

ಮಾವ ಬಾಗಿಲಲ್ಲೇ ನಿಂತು ಚಪ್ಪಲಿಯನ್ನು ಕಾಲಿನಿಂದಲೇ ಹುಡುಕಿ ಬದಿಗಿಟ್ಟರು, ಅಜ್ಜಿಯ ಕೈಗೆ, ಬನ್ನಿಯ ಹಾಗೆ ಇಲ್ಲಿ ದಸರೆಗೆ ಚಿನ್ನವೆಂದು ಕೊಡುವ ಆಪ್ಟದ ಎಲೆಯಿಟ್ಟು ಕಾಲು ಮುಟ್ಟಿದರು, ಥಾಣೆಯಲ್ಲಿ ರೈಲು ಬದಲಾಯಿಸುವಾಗ ಒಬ್ಬ ಹುಡುಗಿ ಅಂಕಲ್ ಎಂದು ಕೈ ಹಿಡಿದಳು ಅಮ್ಮಾ, ನಾನೂ ಬಿಡಿಸಿಕೊಳ್ಲಿಲ್ಲ, ಅಂದರು. ನಾಳೆ ಎನ್ನಬೇಕು, ಈಗಲೇ ಎನ್ನಬೇಕು ಎಂದುಕೊಂಡ ಅಶ್ಮಿತಾ ಎರಡೂ ಕೈಯಲ್ಲಿ ಟ್ಯಾಂಕನ್ನು ಎತ್ತಿ ತಂದು, ಕುರ್ಚಿಯಲ್ಲಿ ಕೂತ ಅವರ ತೊಡೆಯ ಮೇಲಿಟ್ಟಿದ್ದಳು. ಅಜ್ಜಿ ಇಣುಕಿ, ಇಗೋ ನೋಡು, ನಾನು ತೊಳೆದದ್ದನ್ನು ಪುನಃ ಹೊಲಸು ಮಾಡಿದ್ದಾಳೆ. ಮಾವ ನಕ್ಕು, ನಿನ್ನನ್ನು ಆಗ ನಮ್ಮ ರೆಜಿಮೆಂಟಿಗೆ ಸೇರಿಸಬೇಕಿತ್ತಮ್ಮ, ಗಾಡಿ ಕೊಳೆಯೆಂದು ನಮಗೆ ಬೀಳುತ್ತಿದ್ದ ಶಿಕ್ಷೆ ತಪ್ಪುತ್ತಿತ್ತು. ಮಾವ ಅದನ್ನು ಬಲಗಣ್ಣಿನ ಹತ್ತಿರ ತಂದರು, ಇನ್ನೂ ಹತ್ತಿರ ತಂದರು, ಕಣ್ಣು ಟ್ಯಾಂಕಿನ ಮೇಲೆ ನಿಲ್ಲದೆ ಹಿಂದಿನ ಗೋಡೆಯ ಮೇಲೆಲ್ಲೋ ಹೋಗಿ ನಿಂತಿತು, ಈಗ ಹೇಳುತ್ತಾರೆ, ಚೆಂದ ಉಂಟು ಅನ್ನುತ್ತಾರೆ, ಅನ್ನಬೇಡಿ ಮಾವ. ಅವರ ಹೆಬ್ಬೆರಳು ತಾನಾಗಿಯೇ ಹೊರಟಿತು, ಕೊಳವೆಯ ಕೆಳಗೆ ಇಳಿದು, ಮುಂಭಾಗದ ಇಳಿಜಾರಿಗೆ ಬಂದು, ಒಂದಿಷ್ಟೂ ತಡವರಿಸದೆ ಮುಚ್ಚಳದ ಅಂಚಿಗೆ ಹೋಗಿ ಕೂತಿತು, ಉಜ್ಜಿತು, ಹಳದಿ ಪುಡಿ ಯೂನಿಫಾರ್ಮಿನ ಪ್ಯಾಂಟಿನ ಮೇಲೆ ಉದುರಿತು, ಇನ್ನೊಮ್ಮೆ ಉಜ್ಜಿತು, ಮುಟ್ಟಿ ಮುಟ್ಟಿ, ಟ್ಯೂಬ್‌ಲೈಟಿಗೆ ಓರೆಯಾಗಿ ಹಿಡಿದರು. ಆಯ್ತಲ್ಲ ಮಗಾ, ಅಂದರು, ಇಗೋ. ಕಂಡಿತೋ, ಬೆರಳಿಗೆ ಗೊತ್ತಾಯಿತೋ, ಅವಳು ಕೇಳಲಿಲ್ಲ, ನೋಡುತ್ತಲೇ ಇದ್ದಳು, ಎಲ್ಲ ಕಡೆ ಧೂಳು, ಧೂಳಿನ ನಡುವೆ ಆ ಅಂಚು, ಉಗುರಿನ ತುದಿಯಷ್ಟು, ಬೆಳ್ಳಿ, ಅದರ ಮೇಲೆ ಹೆಬ್ಬೆರಳು, ಬೆಳ್ಳಿ, ಹೆಬ್ಬೆರಳು, ಬೆಳ್ಳಿ.